ಕಾಲು ತಣ್ಣಗಾದರೆ ಜ್ವರ ಬಿಟ್ಟಿತೆಂದಲ್ಲ

ನಮ್ಮ ಕಡೆ ಹಿಪ್ಪುನೇರಳೆ ತೋಟಕ್ಕೆ ನೀರು ಸಣ್ಣಗೆ ಬರತೊಡಗಿದರೆ ರೈತರು ಮೂರು ಕಾರಣ ಹುಡುಕುತ್ತಾರೆ. ಬೋರ್‌ವೆಲ್‌ನಲ್ಲಿ ನೀರು ಇಳಿದಿರಬೇಕು, ಇಲ್ಲವೇ ಪೈಪು ಎಲ್ಲೋ ಒಡೆದು ಸೋರುತ್ತಿರಬೇಕು, ಅದೂ ಇಲ್ಲದಿದ್ದರೆ ಮೋಟಾರ್ ಸೋತಿರಬೇಕು. ಮೂರರಲ್ಲಿ ಯಾವುದಾದರೂ ಹೊರಗೆ ಕಾಣುವುದು ಒಂದೇ: ಕೊನೆಯ ಸಾಲಿನ ಗಿಡಕ್ಕೆ ನೀರು ಮುಟ್ಟುವುದಿಲ್ಲ. ಆದರೆ ರಿಪೇರಿ ಬೇರೆ ಬೇರೆ. ಮೋಟಾರ್ ಸೋತಿರುವಾಗ ಎರಡು ಟ್ಯಾಂಕರ್ ನೀರು ತಂದು ಸುರಿದರೂ ಕೊನೆಯ ಸಾಲಿನ ಗಿಡ ಒಣಗಿಯೇ ಇರುತ್ತದೆ.

ಎಂಜಿನಿಯರಿಂಗ್ ಓದುವ ನಮಗೆ ಪಂಪು, ಒತ್ತಡ, ಹರಿವು ಎಲ್ಲ ಪರೀಕ್ಷೆಗೆ ಬರುವ ಪ್ರಶ್ನೆಗಳು. ಇದೇ ಲೆಕ್ಕ ಜ್ವರ ಬಂದ ಮಗುವಿನ ಎದೆಯೊಳಗೂ ನಡೆಯುತ್ತದೆ. ಅಲ್ಲಿ ಸೋಲುವ ಮೋಟಾರ್ ಹೃದಯದ ಸ್ನಾಯು. ಸಮಯಕ್ಕೆ ಚಿಕಿತ್ಸೆ ಸಿಕ್ಕಿ ಬದುಕುಳಿದ ಮಕ್ಕಳಲ್ಲಿ ಅದು ಸಾಮಾನ್ಯವಾಗಿ ಮೊದಲಿನಂತೆಯೇ ಆಗುತ್ತದೆ. ಆದರೆ ಸಿಗುವ ಸಮಯ ಕೆಲವೇ ಗಂಟೆ. ರಾಮನಗರ, ಚನ್ನಪಟ್ಟಣ, ಕನಕಪುರ, ಮಾಗಡಿ ಸೀಮೆಯ ಹಳ್ಳಿಗಳಲ್ಲಿ ಆ ಗಂಟೆಗಳನ್ನು ಉಳಿಸಿಕೊಳ್ಳುವುದು ಹೇಗೆ ಎಂದು ನಾವು, ಅಂದರೆ ಮನೆಯಲ್ಲಿ ಮೊಬೈಲು, ಬೈಕು ಎರಡೂ ಕೈಯಲ್ಲಿರುವ ಇಪ್ಪತ್ತರ ವಯಸ್ಸಿನವರು, ತಿಳಿದಿರಬೇಕು.

ನಂಜು ಏರಿದಾಗ

ಹಿರಿಯರು ‘ಮೈಗೆಲ್ಲ ನಂಜು ಏರಿದೆ’ ಎನ್ನುವ ಸ್ಥಿತಿಗೆ ಆಸ್ಪತ್ರೆಯಲ್ಲಿ ಹೇಳುವ ಹೆಸರು ಸೆಪ್ಸಿಸ್. ನ್ಯುಮೋನಿಯ, ಮೂತ್ರದ ಸೋಂಕು, ಕೀವು ತುಂಬಿದ ಗಾಯ, ಮೆದುಳು ಜ್ವರ, ಭೇದಿ ಹೀಗೆ ಶುರು ಯಾವುದರಿಂದಲಾದರೂ ಆಗಬಹುದು. ಸೋಂಕಿನ ವಿರುದ್ಧ ಹೋರಾಡಬೇಕಾದ ದೇಹದ ರಕ್ಷಣಾ ವ್ಯವಸ್ಥೆ ಹತೋಟಿ ತಪ್ಪಿ ತನ್ನದೇ ಅಂಗಗಳಿಗೆ ಪೆಟ್ಟು ಕೊಡುತ್ತದೆ. ವಾಂತಿ, ಭೇದಿ, ಜ್ವರದಿಂದ ಮೈಯ ನೀರು ಇಳಿಯುತ್ತದೆ. ರಕ್ತನಾಳಗಳು ಸಡಿಲಗೊಳ್ಳುತ್ತವೆ, ಅವುಗಳ ಗೋಡೆ ಸೋರುತ್ತದೆ. ಹೃದಯದ ಸ್ನಾಯು ಬಳಲುತ್ತದೆ. ಬಾವಿ, ಪೈಪು, ಮೋಟಾರ್ ಮೂರೂ ಒಟ್ಟಿಗೆ ಕೆಡುವ ಕಾಯಿಲೆ ಇದು.

2020ರಲ್ಲಿ ‘ಲ್ಯಾನ್ಸೆಟ್’ ವೈದ್ಯಕೀಯ ಪತ್ರಿಕೆಯಲ್ಲಿ ಬಂದ ಅಂದಾಜಿನ ಪ್ರಕಾರ, 2017ರ ಒಂದೇ ವರ್ಷದಲ್ಲಿ ಜಗತ್ತಿನಲ್ಲಿ 4.89 ಕೋಟಿ ಜನರಿಗೆ ಸೆಪ್ಸಿಸ್ ಬಂದಿತ್ತು, 1.1 ಕೋಟಿ ಜನ ತೀರಿಕೊಂಡರು. ಅವರಲ್ಲಿ ಐದು ವರ್ಷದೊಳಗಿನ ಮಕ್ಕಳು ಸುಮಾರು 29 ಲಕ್ಷ. ಅದೇ 2017ರ ಮೇ ತಿಂಗಳಲ್ಲಿ ವಿಶ್ವ ಆರೋಗ್ಯ ಸಭೆ ಸೆಪ್ಸಿಸ್ ತಡೆಗೆ ಎಲ್ಲ ದೇಶಗಳೂ ಗಮನ ಕೊಡಬೇಕೆಂದು ನಿರ್ಣಯ ಮಾಡಿತು. ಪ್ರತಿ ವರ್ಷ ಸೆಪ್ಟೆಂಬರ್ 13 ವಿಶ್ವ ಸೆಪ್ಸಿಸ್ ದಿನ. ಹೃದಯಾಘಾತ, ಸಕ್ಕರೆ ಕಾಯಿಲೆಯ ಬಗ್ಗೆ ಊರೂರಿನಲ್ಲಿ ಶಿಬಿರ ನಡೆಯುತ್ತದೆ. ಈ ದಿನ ಮಾತ್ರ ಸದ್ದಿಲ್ಲದೆ ಹೋಗುತ್ತದೆ.

ಮೊದಲು ವೈದ್ಯರು ಮಕ್ಕಳಲ್ಲಿ ‘ಸೆಪ್ಸಿಸ್’, ‘ತೀವ್ರ ಸೆಪ್ಸಿಸ್’ ಎಂದು ಎರಡು ಹಂತ ಹೇಳುತ್ತಿದ್ದರು. 2005ರ ಆ ವ್ಯಾಖ್ಯೆಯ ಜಾಗಕ್ಕೆ 2024ರ ಜನವರಿಯಲ್ಲಿ ‘ಫೀನಿಕ್ಸ್’ ಎಂಬ ಹೊಸ ಅಳತೆ ಬಂತು. ಬಾಂಗ್ಲಾದೇಶ, ಕೀನ್ಯಾ ಸೇರಿದಂತೆ ಐದು ದೇಶಗಳ ಆಸ್ಪತ್ರೆಗಳ 35 ಲಕ್ಷಕ್ಕೂ ಹೆಚ್ಚು ಮಕ್ಕಳ ಭೇಟಿಯ ದಾಖಲೆಗಳನ್ನು ನೋಡಿ ಅದನ್ನು ರೂಪಿಸಿದ್ದಾರೆ. ಈಗ ಸೋಂಕಿನ ಜೊತೆಗೆ ಅಂಗಗಳಿಗೆ ಅಪಾಯಕಾರಿ ಪೆಟ್ಟು ಬಿದ್ದಿದ್ದರೆ ಮಾತ್ರ ಸೆಪ್ಸಿಸ್ ಎನ್ನುತ್ತಾರೆ. ಅಂದರೆ ಆ ಹೆಸರು ಬಂದಾಗಲೇ ವಿಷಯ ಗಂಭೀರ. ಶ್ವಾಸಕೋಶ, ರಕ್ತ ಪರಿಚಲನೆ, ರಕ್ತ ಹೆಪ್ಪುಗಟ್ಟುವಿಕೆ, ಮೆದುಳು ಈ ನಾಲ್ಕಕ್ಕೂ ಅದರಲ್ಲಿ ಅಂಕ ಕೊಡುತ್ತಾರೆ. ರಕ್ತ ಪರಿಚಲನೆಯ ಅಂಕ ನಿಂತಿರುವುದು ರಕ್ತದೊತ್ತಡ, ರಕ್ತದಲ್ಲಿನ ಲ್ಯಾಕ್ಟೇಟ್ ಮತ್ತು ಬಿಪಿ ಏರಿಸಲು ಎಷ್ಟು ಬಗೆಯ ಔಷಧ ಬೇಕಾಯಿತು ಎಂಬುದರ ಮೇಲೆ. ಸ್ನಾಯು ಎಷ್ಟು ಸೋತಿದೆ ಎಂದು ನೇರವಾಗಿ ನೋಡಬೇಕಾದರೆ ಎದೆಯ ಎಕೋ ಸ್ಕ್ಯಾನ್ ಬೇಕು.

ಸೋಲುವ ಸ್ನಾಯು, ಏಳುವ ಸ್ನಾಯು

1984ರಲ್ಲಿ ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯ ಮಾರ್ಗರೆಟ್ ಪಾರ್ಕರ್, ಜೋಸೆಫ್ ಪ್ಯಾರಿಲೊ ಮತ್ತು ಸಂಗಡಿಗರು ಸೆಪ್ಟಿಕ್ ಶಾಕ್‌ಗೆ ಹೋಗಿದ್ದ 20 ವಯಸ್ಕ ರೋಗಿಗಳ ಹೃದಯವನ್ನು ದಿನದಿನವೂ ಅಳೆದರು. ಬದುಕುಳಿದವರ ಹೃದಯ ಮೊದಲ ದಿನಗಳಲ್ಲಿ ಹಿಗ್ಗಿ, ಪಂಪ್ ಮಾಡುವ ಶಕ್ತಿ ಬಹಳ ಕುಸಿದಿತ್ತು. ಏಳರಿಂದ ಹತ್ತು ದಿನಗಳಲ್ಲಿ ಅದೇ ಹೃದಯ ಸಹಜ ಸ್ಥಿತಿಗೆ ಮರಳಿತ್ತು.

ಹೃದಯಾಘಾತದಲ್ಲಿ ರಕ್ತನಾಳ ಕಟ್ಟಿಕೊಂಡು ಸ್ನಾಯುವಿನ ಭಾಗ ಸಾಯುತ್ತದೆ. ಸತ್ತ ಸ್ನಾಯು ಮತ್ತೆ ಹುಟ್ಟುವುದಿಲ್ಲ. ಸೆಪ್ಸಿಸ್‌ನಲ್ಲಿ ನಡೆಯುವುದು ಬೇರೆ. ದೇಹವೇ ಬಿಡುಗಡೆ ಮಾಡುವ ಉರಿಯೂತದ ರಾಸಾಯನಿಕಗಳು, ಮಿತಿಮೀರಿದ ನೈಟ್ರಿಕ್ ಆಕ್ಸೈಡ್, ಜೀವಕೋಶದೊಳಗೆ ಶಕ್ತಿ ತಯಾರಿಸುವ ಮೈಟೊಕಾಂಡ್ರಿಯದ ಬಳಲಿಕೆ, ಸ್ನಾಯು ಬಿಗಿಯಲು ಬೇಕಾದ ಕ್ಯಾಲ್ಸಿಯಂ ಓಡಾಟದ ಏರುಪೇರು ಇವೆಲ್ಲ ಸೇರಿ ಸ್ನಾಯುವನ್ನು ಮಂಕಾಗಿಸುತ್ತವೆ. ಬಹುಪಾಲು ಕೋಶಗಳು ಬದುಕಿಯೇ ಇರುತ್ತವೆ. ವೋಲ್ಟೇಜ್ ಇಳಿದಾಗ ಮೋಟಾರ್ ಗುಂಯ್ ಎನ್ನುತ್ತ ನಿಧಾನವಾಗುವುದಿಲ್ಲವೇ, ಹಾಗೆ. ಕರೆಂಟ್ ಸರಿಯಾಗುವವರೆಗೆ ಅದು ಸುಟ್ಟುಹೋಗದಂತೆ ಕಾಯಬೇಕು. ತೀವ್ರ ನಿಗಾ ಘಟಕದ ಕೆಲಸ ಬಹುಮಟ್ಟಿಗೆ ಇದೇ.

ಮಕ್ಕಳಲ್ಲಿ ಈ ಮೋಟಾರ್‌ನ ಪಾತ್ರ ಇನ್ನೂ ದೊಡ್ಡದು. 1998ರಲ್ಲಿ ‘ಪೀಡಿಯಾಟ್ರಿಕ್ಸ್’ ಪತ್ರಿಕೆಯಲ್ಲಿ ಬಂದ ಅಧ್ಯಯನವೊಂದರಲ್ಲಿ, ಡ್ರಿಪ್ಸ್ ಕೊಟ್ಟ ಮೇಲೂ ಶಾಕ್‌ನಿಂದ ಹೊರಬರದ 50 ಮಕ್ಕಳನ್ನು ಪರೀಕ್ಷಿಸಿದ್ದರು. ಶೇ 58ರಷ್ಟು ಮಕ್ಕಳಲ್ಲಿ ಹೃದಯ ಪಂಪ್ ಮಾಡುವ ರಕ್ತ ಕಡಿಮೆಯಾಗಿದ್ದು, ರಕ್ತನಾಳಗಳು ಬಿಗಿದುಕೊಂಡಿದ್ದವು. ದೊಡ್ಡವರಲ್ಲಿ ಹೆಚ್ಚಾಗಿ ಕಾಣುವುದು ಇದಕ್ಕೆ ತಿರುಗಾಮುರುಗ: ನಾಳಗಳು ಸಡಿಲ, ಮೈ ಬೆಚ್ಚಗೆ.

ಬಿಪಿ ಬಾಯಿಬಿಡುವುದು ಕೊನೆಗೆ

ಸಣ್ಣ ಲೆಕ್ಕ ಮಾಡೋಣ. ಒಂದು ನಿಮಿಷಕ್ಕೆ ಹೃದಯ ಹೊರಹಾಕುವ ರಕ್ತ ಎಂದರೆ ಒಂದು ಬಡಿತಕ್ಕೆ ಬರುವ ರಕ್ತ ಗುಣಿಸು ಬಡಿತಗಳ ಸಂಖ್ಯೆ. ದೊಡ್ಡವರಿಗೆ ಒಂದು ಬಡಿತಕ್ಕೆ 70 ಮಿಲಿಲೀಟರ್, ನಿಮಿಷಕ್ಕೆ 70 ಬಡಿತ ಎಂದುಕೊಂಡರೆ ಸುಮಾರು 5 ಲೀಟರ್. ಸ್ನಾಯು ಸೋತು ಒಂದು ಬಡಿತದ ರಕ್ತ ಅರ್ಧಕ್ಕೆ ಇಳಿದರೂ, ಬಡಿತ 140ಕ್ಕೆ ಏರಿದರೆ ಲೆಕ್ಕ ಸರಿಹೋಗುತ್ತದೆ. ಹಸುಗೂಸಿನ ಹೃದಯ ಆರೋಗ್ಯವಾಗಿದ್ದಾಗಲೇ ನಿಮಿಷಕ್ಕೆ 140 ಸಲ ಬಡಿಯುತ್ತಿರುತ್ತದೆ. ಅದನ್ನು 280 ಮಾಡಲು ಸಾಧ್ಯವೇ? ಬಡಿತ ಅಷ್ಟು ಏರಿದರೆ ಹೃದಯದ ಕೋಣೆ ತುಂಬಿಕೊಳ್ಳಲು ಪುರುಸೊತ್ತೇ ಇರುವುದಿಲ್ಲ. ಹಾಗಾಗಿ ಎಳೆಯ ಮಕ್ಕಳಲ್ಲಿ ಮೀಸಲು ಶಕ್ತಿ ಕಡಿಮೆ.

ಆಗ ಮಗುವಿನ ದೇಹ ಇನ್ನೊಂದು ಉಪಾಯ ಮಾಡುತ್ತದೆ. ಕೈಕಾಲಿಗೆ, ಚರ್ಮಕ್ಕೆ ಹೋಗುವ ನಾಳಗಳನ್ನು ಬಿಗಿದು, ಇದ್ದಷ್ಟು ರಕ್ತವನ್ನು ಮೆದುಳಿಗೂ ಹೃದಯಕ್ಕೂ ತಿರುಗಿಸುತ್ತದೆ. ಕೆರೆಯಲ್ಲಿ ನೀರು ಕಡಿಮೆಯಾದಾಗ ಕೊನೆಯ ತೂಬು ಮುಚ್ಚಿದಂತೆ. ಇದರಿಂದ ಬಿಪಿ ಬಹಳ ಹೊತ್ತು ಸರಿಯಾಗಿಯೇ ಕಾಣುತ್ತದೆ. ಒಂದರಿಂದ ಹತ್ತು ವರ್ಷದ ಮಕ್ಕಳಿಗೆ ವೈದ್ಯರು ಬಳಸುವ ಸರಳ ಸೂತ್ರವಿದೆ: ವಯಸ್ಸನ್ನು ಎರಡರಿಂದ ಗುಣಿಸಿ 70 ಕೂಡಿಸಬೇಕು. ನಾಲ್ಕು ವರ್ಷದ ಮಗುವಿಗೆ ಅದು 78. ಬಿಪಿಯ ಮೇಲಿನ ಸಂಖ್ಯೆ ಅದಕ್ಕಿಂತ ಕೆಳಗೆ ಬಂದಿದೆ ಎಂದರೆ ಮಗುವಿನ ಉಪಾಯಗಳೆಲ್ಲ ಮುಗಿದಿವೆ ಎಂದರ್ಥ. ಬಿಪಿ ಬೀಳುವುದಕ್ಕೆ ಎಷ್ಟೋ ಮುಂಚೆಯೇ ಸುಳಿವು ಕೊಡುವುದು ಪಾದ.

ನಮ್ಮ ಮನೆತನದಲ್ಲಿ ಇದನ್ನು ಕಣ್ಣಾರೆ ಕಂಡಿದ್ದೇವೆ. ಕನಕಪುರ ತಾಲ್ಲೂಕಿನ ಕಾಡಂಚಿನ ಹಳ್ಳಿಯಲ್ಲಿರುವ ದೊಡ್ಡಮ್ಮನ ಮಗಳ ನಾಲ್ಕು ವರ್ಷದ ಕೂಸಿಗೆ ಎರಡು ದಿನ ಸುಡುವ ಜ್ವರ, ಕೆಮ್ಮು. ಮೂರನೆಯ ದಿನ ಸಂಜೆ ಕೈಕಾಲು ತಣ್ಣಗಾದವು, ಮಗು ಅಳುವುದನ್ನೂ ನಿಲ್ಲಿಸಿತು. ‘ಜ್ವರ ಬಿಟ್ಟದೆ ಕಣವ್ವ, ಮೈ ತಣ್ಣಗಾಗದೆ, ಮಲಗ್ಲಿ ಬಿಡು’ ಎಂದರು ಅಜ್ಜಿ. ಮನೆಯವರೆಲ್ಲ ನಿಟ್ಟುಸಿರು ಬಿಟ್ಟರು. ಅಷ್ಟರಲ್ಲಿ ಬೇರೆ ಕೆಲಸಕ್ಕೆ ಬಂದ ಬೀದಿಯ ಆಶಾ ಕಾರ್ಯಕರ್ತೆ ಮಗುವಿನ ಹೊಟ್ಟೆ ಮುಟ್ಟಿ ನೋಡಿದರು. ಹೊಟ್ಟೆ ಕೆಂಡ, ಪಾದ ಮಂಜು. ಮಧ್ಯಾಹ್ನದಿಂದ ಉಚ್ಚೆ ಮಾಡಿಲ್ಲ ಎಂದು ಅಕ್ಕ ಹೇಳಿದ್ದೇ ತಡ, ಅವರು 108ಕ್ಕೆ ಫೋನ್ ಹಚ್ಚಿದರು. ಬೆಂಗಳೂರಿನ ಆಸ್ಪತ್ರೆಯಲ್ಲಿ ಎಕೋ ಮಾಡಿದ ವೈದ್ಯರು ‘ಹೃದಯದ ಪಂಪಿಂಗ್ ಬಹಳ ಕಮ್ಮಿ ಇದೆ’ ಎಂದಾಗ ಭಾವ ‘ನಮ್ ಮಗೀಗೆ ಹಾರ್ಟ್ ಪ್ರಾಬ್ಲಮ್ ಇರ್ಲಿಲ್ವಲ್ಲ ಸಾರ್’ ಎಂದು ಕುಸಿದು ಕೂತರಂತೆ. ಹನ್ನೆರಡು ದಿನದ ಮೇಲೆ ಮಾಡಿದ ಎಕೋದಲ್ಲಿ ಎಲ್ಲ ಸರಿಯಿತ್ತು. ಈಗ ಆ ಹುಡುಗ ಅಂಗನವಾಡಿಯಲ್ಲಿ ಎಲ್ಲರಿಗಿಂತ ಜೋರಾಗಿ ಓಡುತ್ತಾನೆ. ಅಜ್ಜಿ ಹೇಳಿದ್ದು ತಲೆತಲಾಂತರದ ಅನುಭವದ ಮಾತು. ಜ್ವರ ಇಳಿದರೆ ಮೈ ತಣ್ಣಗಾಗುವುದು ನಿಜವೇ. ಆದರೆ ನಿಜವಾಗಿ ಜ್ವರ ಇಳಿದ ಮಗು ಕಣ್ಣರಳಿಸಿ ನೀರು ಕೇಳುತ್ತದೆ. ಈ ಕೂಸು ಮಂಕಾಗಿ ಬಿದ್ದಿತ್ತು.

‘ಒಂದು ಗ್ಲೂಕೋಸ್ ಹಾಕಿ ಸಾರ್’

ಸುಸ್ತು ಎಂದರೆ ಡ್ರಿಪ್ಸ್ ಹಾಕಿಸಿಕೊಳ್ಳುವುದು ನಮ್ಮೂರುಗಳ ವಾಡಿಕೆ. ಬಾಟಲಿ ಹಾಕದ ಡಾಕ್ಟರರನ್ನು ನಾವೇ ನಂಬುವುದಿಲ್ಲ. ನಂಜೇರಿದ ಮಕ್ಕಳಿಗೆ ರಕ್ತನಾಳದ ಮೂಲಕ ದ್ರವ ಕೊಡುವುದು ಅಗತ್ಯವಾಗಬಹುದು; ಎಷ್ಟು, ಎಷ್ಟು ಬೇಗ ಎಂಬುದು ನಾಜೂಕಿನ ವಿಷಯ.

2011ರಲ್ಲಿ ಪ್ರಕಟವಾದ ‘ಫೀಸ್ಟ್’ ಪ್ರಯೋಗ ಈ ಬಗ್ಗೆ ವೈದ್ಯಲೋಕದ ಕಣ್ಣು ತೆರೆಸಿತು. ಉಗಾಂಡ, ಕೀನ್ಯಾ, ತಾಂಜಾನಿಯದ ಆಸ್ಪತ್ರೆಗಳಲ್ಲಿ, ತೀವ್ರ ಜ್ವರದ ಜೊತೆಗೆ ರಕ್ತಸಂಚಾರ ಕುಂದಿದ್ದ 3,141 ಮಕ್ಕಳನ್ನು ಮೂರು ಗುಂಪು ಮಾಡಿದರು. ಎರಡು ಗುಂಪಿಗೆ ಬೇಗ ಬೇಗ ದ್ರವ ಏರಿಸಿದರು, ಒಂದಕ್ಕೆ ಏರಿಸಲಿಲ್ಲ. 48 ಗಂಟೆಯಲ್ಲಿ ದ್ರವ ಪಡೆದ ಗುಂಪುಗಳಲ್ಲಿ ಸುಮಾರು ಶೇ 10.5 ಮಕ್ಕಳು ತೀರಿಕೊಂಡರೆ, ಪಡೆಯದ ಗುಂಪಿನಲ್ಲಿ ಶೇ 7.3. ವೆಂಟಿಲೇಟರ್, ತೀವ್ರ ನಿಗಾ ಇಲ್ಲದ ಆಸ್ಪತ್ರೆಗಳವು. ಮುಂದೆ ಸಾವುಗಳನ್ನು ವಿಶ್ಲೇಷಿಸಿದಾಗ, ಹೆಚ್ಚುವರಿ ಸಾವುಗಳಿಗೆ ಮುಖ್ಯ ಕಾರಣ ಹೃದಯ ಮತ್ತು ರಕ್ತ ಪರಿಚಲನೆಯ ಕುಸಿತ ಎಂದು ಕಂಡುಬಂತು.

ಇದರಿಂದಾಗಿ 2020ರ ಅಂತರರಾಷ್ಟ್ರೀಯ ಮಾರ್ಗಸೂಚಿ ಎರಡು ದಾರಿ ಹೇಳುತ್ತದೆ. ತೀವ್ರ ನಿಗಾ ಘಟಕ ಇರುವ ಕಡೆ ಮಗುವಿನ ತೂಕದ ಪ್ರತಿ ಕಿಲೋಗೆ 10ರಿಂದ 20 ಮಿಲಿಲೀಟರ್‌ನಂತೆ ಸ್ವಲ್ಪ ಸ್ವಲ್ಪವೇ ಕೊಟ್ಟು, ಪ್ರತಿ ಸಲವೂ ಮಗುವನ್ನು ಮತ್ತೆ ಪರೀಕ್ಷಿಸಬೇಕು. ಯಕೃತ್ತು ಊದಿಕೊಂಡರೆ, ಶ್ವಾಸಕೋಶದಲ್ಲಿ ನೀರು ತುಂಬುವ ಸದ್ದು ಬಂದರೆ ನಿಲ್ಲಿಸಬೇಕು; ಮೋಟಾರ್ ಎಳೆಯುತ್ತಿಲ್ಲ ಎಂಬುದಕ್ಕೆ ಅದೇ ಗುರುತು. ಅಂಥ ಘಟಕ ಇಲ್ಲದ ಕಡೆ, ಬಿಪಿ ಬಿದ್ದಿಲ್ಲದಿದ್ದರೆ ಹೀಗೆ ವೇಗವಾಗಿ ದ್ರವ ಏರಿಸಲೇಬಾರದು. ಶಾಕ್ ಇದ್ದರೆ ಒಂದು ಗಂಟೆಯೊಳಗೆ ಆ್ಯಂಟಿಬಯಾಟಿಕ್ ಕೊಡಬೇಕು. ಸ್ನಾಯುವಿಗೆ ಬಲ ಕೊಡಲು ಅಡ್ರಿನಲಿನ್ ಬೇಕಾಗಬಹುದು. ಹಿಂದೆ ಇದಕ್ಕೆ ಡೋಪಮಿನ್ ಹೆಚ್ಚು ಬಳಕೆಯಲ್ಲಿತ್ತು. ಚಂಡೀಗಡದ ಪಿಜಿಐನಲ್ಲಿ 60 ಮಕ್ಕಳ ಮೇಲೆ ನಡೆದು 2016ರಲ್ಲಿ ಪ್ರಕಟವಾದ ಪ್ರಯೋಗದಲ್ಲಿ, ಅಡ್ರಿನಲಿನ್ ಪಡೆದವರಲ್ಲಿ ಹೆಚ್ಚು ಮಕ್ಕಳು ಮೊದಲ ಗಂಟೆಯಲ್ಲೇ ಶಾಕ್‌ನಿಂದ ಹೊರಬಂದಿದ್ದರು.

ನಾಲ್ಕು ಊರು, ಒಂದು ದಾರಿ

2007ರಲ್ಲಿ ಹುಟ್ಟಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಾದ ನಮ್ಮ ಜಿಲ್ಲೆಯ ಈ ನಾಲ್ಕೂ ಊರಿನಿಂದ ರಾಜಧಾನಿಗೆ ಸುಮಾರು 50ರಿಂದ 60 ಕಿಲೋಮೀಟರ್. ನಕ್ಷೆಯಲ್ಲಿ ಒಂದು ಗೇಣೂ ಇಲ್ಲ. ಆದರೆ ಹಳ್ಳಿಯಿಂದ ಊರಿಗೆ ಬರುವ ಹೊತ್ತನ್ನು ಯಾರೂ ಎಣಿಸುವುದಿಲ್ಲ. ಕೋಡಿಹಳ್ಳಿ, ಸಾತನೂರು, ಉಯ್ಯಂಬಳ್ಳಿ ಕಡೆ ರಾತ್ರಿ ಆನೆಯ ಭಯ. ಕತ್ತಲಾದ ಮೇಲೆ ಬೈಕಿನಲ್ಲಿ ಹೊರಡಲು ಧೈರ್ಯ ಬಾರದೆ ‘ಬೆಳಗಾಗಲಿ’ ಎನ್ನುವವರನ್ನು ತಪ್ಪು ಎನ್ನಲಾಗದು. ಚನ್ನಪಟ್ಟಣ, ರಾಮನಗರದ ಪಕ್ಕದಲ್ಲೇ 2023ರಲ್ಲಿ ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಇದೆ. ಅದರ ಮುಖ್ಯ ರಸ್ತೆಗೆ ಅದೇ ವರ್ಷದ ಆಗಸ್ಟ್‌ನಿಂದ ಬೈಕ್‌ಗೆ ಪ್ರವೇಶವಿಲ್ಲ. ಸರ್ವಿಸ್ ರಸ್ತೆಯಲ್ಲಿ ಮಗುವನ್ನು ಮಡಿಲಲ್ಲಿಟ್ಟುಕೊಂಡು ಹೋಗುವುದಕ್ಕಿಂತ, 2008ರಿಂದ ರಾಜ್ಯದಲ್ಲಿರುವ 108 ಆಂಬುಲೆನ್ಸ್ ಮೇಲು. ಅದರಲ್ಲಿ ಆಮ್ಲಜನಕ ಇರುತ್ತದೆ, ತರಬೇತಿ ಪಡೆದವರು ಜೊತೆಗಿರುತ್ತಾರೆ.

ದೊಡ್ಡವರ ಹೃದಯಕ್ಕೆ ಸರ್ಕಾರ ಒಂದು ಒಳ್ಳೆಯ ದಾರಿ ಮಾಡಿದೆ. 2023ರಲ್ಲಿ ಶುರುವಾದ ಪುನೀತ್ ರಾಜ್‌ಕುಮಾರ್ ಹೃದಯ ಜ್ಯೋತಿ ಯೋಜನೆಯಲ್ಲಿ ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ಜಯದೇವದಂಥ ದೊಡ್ಡ ಹೃದ್ರೋಗ ಕೇಂದ್ರದ ತಜ್ಞರು ದೂರದಿಂದಲೇ ನೋಡಿ ಸಲಹೆ ಕೊಡುತ್ತಾರೆ, ಹೆಪ್ಪು ಕರಗಿಸುವ ಇಂಜೆಕ್ಷನ್ ಅಲ್ಲೇ ಸಿಗುತ್ತದೆ. ನಂಜೇರಿದ ಮಗುವಿನ ಹೃದಯಕ್ಕೂ ಇಂಥದ್ದೇ ಕೊಂಡಿ ಬೇಕು: ತಾಲ್ಲೂಕಿನಲ್ಲಿ ಮೊದಲ ಡೋಸ್ ಆ್ಯಂಟಿಬಯಾಟಿಕ್, ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಯಂಥ ಕಡೆಯ ತಜ್ಞರಿಂದ ಫೋನಿನಲ್ಲೇ ಸಲಹೆ, ದಾರಿಯುದ್ದಕ್ಕೂ ನಿಗಾ. ಕೋವಿಡ್ ಕಾಲದಲ್ಲಿ, 2021ರ ಜುಲೈನಲ್ಲಿ, ದೇಶದ ಎಲ್ಲ 736 ಜಿಲ್ಲೆಗಳಲ್ಲಿ ಮಕ್ಕಳ ಘಟಕ ಮಾಡಲು ಕೇಂದ್ರ ಸರ್ಕಾರ ಒಪ್ಪಿಗೆ ಕೊಟ್ಟಿತ್ತು. ಹಾಸಿಗೆ, ಯಂತ್ರದ ಜೊತೆಗೆ ಅವನ್ನು ರಾತ್ರಿ ಎರಡು ಗಂಟೆಯಲ್ಲೂ ನಡೆಸಬಲ್ಲ ಕೈಗಳು ಇದ್ದರೆ ಮಾತ್ರ ಅಂಥ ಘಟಕ ಮಗುವಿನ ಕೈ ಹಿಡಿಯುತ್ತದೆ.

ಮನೆಯಲ್ಲಿ ನೋಡಬೇಕಾದ್ದು

ಜ್ವರ ಬಂದ ಮಗುವಿನಲ್ಲಿ ಈ ಗುರುತುಗಳನ್ನು ನಾವೇ ನೋಡಬಹುದು.

* ಹೊಟ್ಟೆ, ಎದೆ ಬಿಸಿ; ಅಂಗೈ, ಪಾದ ತಣ್ಣಗೆ. ಚರ್ಮ ಬಿಳಿಚಿದೆ ಅಥವಾ ಕಲೆಕಲೆಯಾಗಿದೆ.
* ಬೆರಳ ತುದಿಯನ್ನು ಐದು ಸೆಕೆಂಡ್ ಒತ್ತಿ ಬಿಟ್ಟರೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಮೂರು ಸೆಕೆಂಡ್ ದಾಟಿದರೆ ಎಚ್ಚರ.
* ಉಸಿರಾಟ ಜೋರಾಗಿದೆ, ಪಕ್ಕೆ ಒಳಗೆ ಸೇದುತ್ತಿದೆ ಅಥವಾ ನರಳುವ ಸದ್ದು ಬರುತ್ತಿದೆ.
* ಆರೆಂಟು ಗಂಟೆಯಿಂದ ಮೂತ್ರವಿಲ್ಲ.
* ಮಗು ಮಂಕಾಗಿದೆ, ಎಬ್ಬಿಸಿದರೂ ಸರಿಯಾಗಿ ಎಚ್ಚರವಾಗುತ್ತಿಲ್ಲ, ಹಾಲು ಕುಡಿಯುತ್ತಿಲ್ಲ.

ಚಳಿ ಹತ್ತಿ ಜ್ವರ ಏರುವಾಗಲೂ ಕೈಕಾಲು ತಣ್ಣಗಾಗುತ್ತದೆ. ಅದೊಂದನ್ನೇ ಕಂಡು ಗಾಬರಿ ಬೇಡ. ಆದರೆ ಅದರ ಜೊತೆಗೆ ಉಳಿದವುಗಳಲ್ಲಿ ಯಾವುದಾದರೂ ಕಂಡರೆ ಬೆಳಗಾಗುವವರೆಗೆ ಕಾಯಬಾರದು. ಏದುಸಿರು, ಎಚ್ಚರವಾಗದಷ್ಟು ಮಂಪರು ಇದ್ದರೆ ಅದೊಂದೇ ಸಾಕು, ಹೊರಡಬೇಕು. ಡೆಂಗಿಯಲ್ಲಂತೂ ಅಪಾಯದ ಘಟ್ಟ ಶುರುವಾಗುವುದೇ ಜ್ವರ ಇಳಿಯುವ ಹೊತ್ತಿಗೆ. ಆಸ್ಪತ್ರೆಯಲ್ಲಿ ‘ಜ್ವರ ಸಾರ್’ ಎಂದಷ್ಟೇ ಹೇಳದೆ ‘ಕಾಲು ತಣ್ಣಗಿದೆ, ಇಷ್ಟು ಹೊತ್ತಿನಿಂದ ಉಚ್ಚೆ ಮಾಡಿಲ್ಲ, ಮಂಕಾಗಿದೆ’ ಎಂದು ಹೇಳಿ. ‘ಸೆಪ್ಸಿಸ್ ಇರಬಹುದಾ ಡಾಕ್ಟ್ರೇ?’ ಎಂದು ಕೇಳಲು ಸಂಕೋಚ ಬೇಡ. ಹಳೆಯ ಚೀಟಿಯ ಆ್ಯಂಟಿಬಯಾಟಿಕ್ ಅನ್ನು ಮೆಡಿಕಲ್ ಸ್ಟೋರ್‌ನಿಂದ ತಂದು ಕುಡಿಸಬೇಡಿ.

ಇದಕ್ಕೂ ಮೊದಲ ಕೆಲಸ ಲಸಿಕೆ. ನ್ಯುಮೋನಿಯ, ಮೆದುಳು ಜ್ವರ ತರುವ ಎರಡು ದೊಡ್ಡ ಬ್ಯಾಕ್ಟೀರಿಯಾಗಳಿಗೆ ತಡೆಯೊಡ್ಡುವ ಪೆಂಟಾವಲೆಂಟ್ ಮತ್ತು 2021ರಲ್ಲಿ ದೇಶದಾದ್ಯಂತ ವಿಸ್ತರಣೆಯಾದ ಪಿಸಿವಿ ಎರಡೂ ಸರ್ಕಾರಿ ಆರೋಗ್ಯ ಕೇಂದ್ರಗಳಲ್ಲಿ ಉಚಿತ. ಮನೆಯ ಮಗುವಿನ ತಾಯಿ ಕಾರ್ಡನ್ನು ಒಮ್ಮೆ ತೆರೆದು ನೋಡಿ.

ನಮ್ಮ ಓದಿಗೂ ಇಲ್ಲಿ ಕೆಲಸವಿದೆ

1969ರಲ್ಲೇ ಜೋಲಿ ಮತ್ತು ವೈಲ್ ಎಂಬ ಸಂಶೋಧಕರು ಕಾಲಿನ ಹೆಬ್ಬೆರಳ ಉಷ್ಣತೆಯಿಂದ ಶಾಕ್‌ನ ತೀವ್ರತೆ ಅಳೆಯಬಹುದು ಎಂದು ತೋರಿಸಿದ್ದರು. ಅಜ್ಜಿಯ ಕೈಗೆ ತಣ್ಣಗೆ ತಾಗಿದ್ದನ್ನೇ ಅಂಕಿಯಲ್ಲಿ ಹೇಳಿದಂತೆ. ಎರಡು ಉಷ್ಣತೆ ಸೆನ್ಸರ್, ಒಂದು ಮೈಕ್ರೊಕಂಟ್ರೋಲರ್ ನಮ್ಮೆಲ್ಲರ ಲ್ಯಾಬಿನಲ್ಲೂ ಇವೆ. ಪ್ರತಿ ವರ್ಷ ಲೈನ್ ಫಾಲೋವರ್ ರೋಬೊ ಮಾಡುವ ಬದಲು ಹೊಟ್ಟೆಗೂ ಪಾದಕ್ಕೂ ಇರುವ ಬಿಸಿಯ ಅಂತರ ತೋರಿಸುವ ಸಾಧನವನ್ನು ಮಿನಿ ಪ್ರಾಜೆಕ್ಟ್ ಮಾಡಬಹುದಲ್ಲ? ಅದನ್ನು ರೋಗಿಗಳ ಮೇಲೆ ಬಳಸಬೇಕಾದರೆ 2017ರ ವೈದ್ಯಕೀಯ ಸಾಧನಗಳ ನಿಯಮ, ವೈದ್ಯರ ಮಾರ್ಗದರ್ಶನ, ನೈತಿಕ ಸಮಿತಿಯ ಒಪ್ಪಿಗೆ ಎಲ್ಲ ಬೇಕು. ಅದನ್ನು ಕಲಿಯುವುದೂ ಓದೇ.

ಕೆಲಸ ಹುಡುಕುತ್ತಿರುವ ಗೆಳೆಯರೂ ಇತ್ತ ಒಮ್ಮೆ ನೋಡಬೇಕು. ವಿಟಿಯುನಲ್ಲಿ ಬಯೋಮೆಡಿಕಲ್, ಮೆಡಿಕಲ್ ಎಲೆಕ್ಟ್ರಾನಿಕ್ಸ್ ಬಿ.ಇ ಇದೆ. ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯದಡಿ ಕಾರ್ಡಿಯಾಕ್ ಕೇರ್, ರೆಸ್ಪಿರೇಟರಿ ಕೇರ್ ಟೆಕ್ನಾಲಜಿಯ ಬಿ.ಎಸ್‌ಸಿ ಕೋರ್ಸುಗಳಿವೆ. ಪಿಯುಸಿಯಲ್ಲಿ ವಿಜ್ಞಾನ ಓದಿ, ಎಂಬಿಬಿಎಸ್ ಸೀಟು ಸಿಗಲಿಲ್ಲ ಎಂದು ಕೈಚೆಲ್ಲಿದವರಿಗೆ ಇವು ಸಣ್ಣ ದಾರಿಗಳಲ್ಲ. ಮಗುವಿನ ಎದೆಗೆ ಎಕೋ ಹಿಡಿಯಲು, ವೆಂಟಿಲೇಟರ್ ಕಾಯಲು, ಕೆಟ್ಟ ಮಾನಿಟರ್ ರಾತ್ರೋರಾತ್ರಿ ಸರಿಮಾಡಲು ಇಂಥವರೇ ಬೇಕು. ಬೆಂಗಳೂರಿಗೆ ಕೆಲಸಕ್ಕೆ ಹೋಗುವ ನಮ್ಮಲ್ಲಿ ಕೆಲವರಾದರೂ ಈ ವಿದ್ಯೆ ಕಲಿತು ಜಿಲ್ಲೆಯ ಆಸ್ಪತ್ರೆಗೆ ಮರಳಿದರೆ, ಮಗುವನ್ನು ಹೊತ್ತು ಓಡುವ ಅಪ್ಪ ಅಮ್ಮಂದಿರ ದಾರಿ ಅಷ್ಟು ಕಡಿಮೆಯಾಗುತ್ತದೆ.

ಅಲ್ಲಿಯವರೆಗೆ ಮಾಡಬಹುದಾದ್ದು ಸುಲಭದ ಕೆಲಸ. ಇವತ್ತು ಸಂಜೆ ಮನೆಗೆ ಹೋದಾಗ ಅಮ್ಮನಿಗೂ ಅಜ್ಜಿಗೂ ಒಂದು ಮಾತು ಹೇಳಿ: ಜ್ವರದ ಮಗುವಿನ ಹಣೆ ಮುಟ್ಟುವಾಗ ಪಾದವನ್ನೂ ಮುಟ್ಟಿ ನೋಡಬೇಕು.